ವಯಸ್ಸಿನಷ್ಟೇ ಅಂಕ

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಸೂಜಿ. ಹನ್ನೆರಡು ವರ್ಷದಿಂದ, ಬೆಳಗ್ಗೆ ಆರರಿಂದ ಮಧ್ಯಾಹ್ನ ಒಂದೂವರೆಯವರೆಗೆ, ಜನರ ರಕ್ತ ತೆಗೆದು ಪುಟ್ಟ ಟ್ಯೂಬುಗಳಿಗೆ ತುಂಬುವುದು ಅವಳ ಕೆಲಸ. ಬೇರೆಯವರು ಮೂರು ಕಡೆ ಚುಚ್ಚಿ ಕೈಚೆಲ್ಲಿದ ಮುದುಕರ ತೋಳಿನಲ್ಲೂ ಅವಳ ಬೆರಳು ಒಂದೇ ಸಲಕ್ಕೆ ನರ ಹುಡುಕಿಬಿಡುತ್ತಿತ್ತು. "ಚುಚ್ಚಿ ಆಯ್ತಾ?" ಎಂದು ಅವರು ಕೇಳುವಷ್ಟರಲ್ಲಿ ಹತ್ತಿ ಒತ್ತಿ ಮುಂದಿನವರನ್ನು ಕೂಗಿರುತ್ತಿದ್ದಳು.

ಆದರೆ ಟ್ಯೂಬಿನ ಮೇಲೆ ಚೀಟಿ ಅಂಟಿಸಿದ ಕೂಡಲೇ ಅವಳ ಪಾಲಿನ ಕಥೆ ಮುಗಿಯುತ್ತಿತ್ತು. ಆ ರಕ್ತದಲ್ಲಿ ಏನು ಸಿಕ್ಕಿತು, ಆ ಮನುಷ್ಯ ಏನಾದ ಎಂಬುದೆಲ್ಲ ಬೇರೆಯವರ ಲೆಕ್ಕ. ಒಮ್ಮೆ ಶಾಲೆಗೆ ಹೋಗುವ ಹುಡುಗಿಯೊಬ್ಬಳ ತೋಳಿನಲ್ಲಿ ಚುಚ್ಚಿದ ಜಾಗದ ರಕ್ತ ಹತ್ತು ನಿಮಿಷವಾದರೂ ನಿಲ್ಲಲಿಲ್ಲ. ಮೊಣಕಾಲಿನ ಸುತ್ತ ಬಿದ್ದಿದ್ದ ನೀಲಿ ಕಲೆಗಳನ್ನೂ ಕಂಡ ಸೂಜಿ ವಾರ್ಡಿನ ಡಾಕ್ಟರ ಹತ್ತಿರ ಓಡಿದಳು. "ನೀನು ರಕ್ತ ತೆಗಿ. ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದರು ಡಾಕ್ಟರು, ತಲೆಯೆತ್ತದೆ. ನೋಡಿಕೊಂಡದ್ದು ಮೂರು ದಿನ ತಡವಾಗಿ. ಹುಡುಗಿ ಬದುಕಿದ್ದು ಅವಳ ಪುಣ್ಯ. ಡಾಕ್ಟರ ಆ ಮಾತು ಮಾತ್ರ ಸೂಜಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅದೇ ವಾರ ಅವಳು ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿ ಕೇಂದ್ರಕ್ಕೆ ಹೋಗಿ ಸಂಜೆಯ ತರಗತಿಗೆ ಸೇರಿದಳು. ಆಗಲೇ ಮೂವತ್ತು ದಾಟಿತ್ತು.

ಪರೀಕ್ಷೆಯಲ್ಲಿ ಇದ್ದದ್ದು ಮೂರು ವಿಜ್ಞಾನಗಳು. ಒಂದೊಂದಕ್ಕೂ ಇಪ್ಪತ್ತೈದು ಪ್ರಶ್ನೆ, ನೂರು ಅಂಕ. ಸರಿಯುತ್ತರಕ್ಕೆ ನಾಲ್ಕು, ತಪ್ಪುತ್ತರಕ್ಕೆ ಒಂದು ಕಡಿತ, ಖಾಲಿ ಬಿಟ್ಟರೆ ಸೊನ್ನೆ. ಜೀವಶಾಸ್ತ್ರ ಅವಳಿಗೆ ನೀರು ಕುಡಿದಷ್ಟು ಸಲೀಸು. ರಸಾಯನಶಾಸ್ತ್ರ ಕುಂಟುತ್ತಾ ನಡೆಯುತ್ತಿತ್ತು. ಭೌತಶಾಸ್ತ್ರ ಮಾತ್ರ ಕಬ್ಬಿಣದ ಕಡಲೆ. ಏಳು ತಿಂಗಳು ಜಗಿದರೂ ಹಲ್ಲು ನೋಯಿತೇ ಹೊರತು ಕಡಲೆ ನುರಿಯಲಿಲ್ಲ.

ಹನ್ನೊಂದನೆಯ ಮಾದರಿ ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಕೇಂದ್ರದ ನಿರ್ದೇಶಕ ಅವಳನ್ನು ಕೋಣೆಗೆ ಕರೆಸಿದ. ಗಾಜು ಹೊದಿಸಿದ ಮೇಜು. ಅದರ ಕೆಳಗೆ ಹಳೆಯ ವರ್ಷಗಳ ಗೆದ್ದ ಮಕ್ಕಳ ಪಾಸ್‌ಪೋರ್ಟ್ ಫೋಟೋಗಳು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು.

"ಕೂತ್ಕೊಳ್ಳಮ್ಮಾ. ಜೀವಶಾಸ್ತ್ರ ತೊಂಬತ್ತೊಂದು, ಭೇಷ್. ರಸಾಯನ ಐವತ್ತೆಂಟು, ಇರಲಿ. ಭೌತಶಾಸ್ತ್ರ..." ಅವನು ಹಾಳೆಯನ್ನು ಅವಳ ಕಡೆ ತಿರುಗಿಸಿದ. "ನಿಮ್ಮ ವಯಸ್ಸೆಷ್ಟು?"

"ಮೂವತ್ತೊಂದು."

"ನೋಡಿ, ವಯಸ್ಸಿನಷ್ಟೇ ಅಂಕ ಬಂದಿದೆ. ಹೀಗೆ ವರ್ಷಕ್ಕೊಂದು ಅಂಕ ಹೆಚ್ಕೊಂಡ್ರೆ ನೀವು ಪಾಸಾಗೋ ಹೊತ್ತಿಗೆ ರಿಟೈರ್ ಆಗಿರ್ತೀರಿ." ಅವನೇ ನಕ್ಕ. ಆಮೇಲೆ ದನಿ ತಗ್ಗಿಸಿದ. "ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ನಿಮ್ಮಿಂದ ಇಡೀ ತಂಡದ ಸರಾಸರಿ ಕೆಳಗೆ ಬರ್ತಿದೆ. ಮುಂದಿನ ತಿಂಗಳಿಂದ ನಿಮ್ಮ ಹೆಸರು ತೆಗೀತಿದ್ದೀವಿ. ರಕ್ತ ತೆಗೆಯೋದ್ರಲ್ಲಿ ನಿಮ್ಮ ಕೈ ಚೆನ್ನಾಗಿದೆಯಂತೆ. ದೇವರು ಕೊಟ್ಟಿದ್ದನ್ನ ಮಾಡ್ಕೊಂಡು ಹೋಗಿ."

ಸೂಜಿಗೆ ಕಿವಿ ಬಿಸಿಯಾಯಿತು. ಅಳು ಬರುತ್ತದೆಂದುಕೊಂಡಳು, ಬರಲಿಲ್ಲ. ಬಂದದ್ದು ಸಿಟ್ಟು, ಅದೂ ತಣ್ಣನೆಯದು.

"ಮುಂದಿನ ತಿಂಗಳು ಯಾಕೆ ಸಾರ್, ಈಗಲೇ ತೆಗೀರಿ. ಆದ್ರೆ ನಾನು ಬರೆದ ಹನ್ನೊಂದು ಉತ್ತರಪತ್ರಿಕೇನೂ ನಂಗೆ ಬೇಕು."

"ಅದನ್ನ ಯಾರಿಗೂ ಕೊಡಲ್ಲ. ನಮ್ಮ ಪದ್ಧತಿ ಅಲ್ಲ."

"ಬರೆದವಳು ನಾನು. ತಪ್ಪು ನಂದು. ನಿಮಗ್ಯಾಕೆ ಬೇಕು ನನ್ನ ತಪ್ಪು?"

ಹೊರಗಿನ ಕೌಂಟರಿನಲ್ಲಿ ಗುಮಾಸ್ತ ಆಗುವುದಿಲ್ಲ ಅಂದ. ಬೀಗದ ಕೈ ಇಲ್ಲ ಅಂದ, ನಾಳೆ ಬನ್ನಿ ಅಂದ. ಸೂಜಿ ಕೌಂಟರಿನ ಮುಂದಿದ್ದ ಸ್ಟೂಲ್ ಎಳೆದು ಕೂತಳು. ಜನ ಬಂದರು, ಹೋದರು. ಅವಳು ಮೂಗಿನ ಮೇಲೆ ಕೂತ ನೊಣದ ಹಾಗೆ ಕದಲದೆ ಕೂತೇ ಇದ್ದಳು. ಮುಕ್ಕಾಲು ಗಂಟೆಯಾದ ಮೇಲೆ ಗುಮಾಸ್ತನಿಗೇ ಬೇಸರವಾಗಿ, ಸಿಕ್ಕದ ಬೀಗದ ಕೈ ಅವನ ಜೇಬಿನಲ್ಲೇ ಸಿಕ್ಕಿತು. ಹನ್ನೊಂದು ಪತ್ರಿಕೆಗಳನ್ನು ಎದೆಗವುಚಿಕೊಂಡು ಅವಳು ಬಸ್ಸು ಹತ್ತಿದಳು.

ಮನೆಯ ಮುಂದಿನ ಕೋಣೆಯೇ ಅತ್ತೆಯ ಹೊಲಿಗೆಯಂಗಡಿ. ಎರಡು ಮಷೀನು, ಬಾಗಿಲಿನಷ್ಟು ಅಗಲದ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ನೇತುಬಿದ್ದ ಅರ್ಧ ಹೊಲಿದ ಕೋಟುಗಳು. ಸೊಸೆ ಹೇಳಿದ್ದನ್ನೆಲ್ಲ ಅತ್ತೆ ಮಷೀನು ನಿಲ್ಲಿಸದೆಯೇ ಕೇಳಿಸಿಕೊಂಡಳು. ಕೊನೆಗೆ ದಾರ ಹಲ್ಲಿನಲ್ಲಿ ಕಡಿದು, "ಹಂಗಾದ್ರೆ ಬಿಟ್ಟುಬಿಟ್ಯಾ?" ಎಂದಳು.

"ಅವರನ್ನ ಬಿಟ್ಟೆ ಅತ್ತೆ. ಪರೀಕ್ಷೇನ ಬಿಟ್ಟಿಲ್ಲ."

"ಮತ್ತೆ ಈ ಹಳೇ ಕಾಗದ ಯಾಕೆ ಹೊತ್ಕೊಂಡು ಬಂದೆ?"

"ಎಲ್ಲಿ ತಪ್ತಿದೆ ಅಂತ ನೋಡೋಣ ಅಂತ."

ಅತ್ತೆ ಆಗ ಮೊದಲ ಸಲ ತಲೆಯೆತ್ತಿದಳು. ಬಾಯಿ ಸಿಡುಕು, ಮನಸ್ಸೂ ಅಷ್ಟೇನೂ ಮೆತ್ತಗಿಲ್ಲದ ಹೆಂಗಸು. ಸೊಸೆಯ ಓದಿನ ಹುಚ್ಚಿಗೆ ಏಳು ತಿಂಗಳಿಂದ ಮೂಗು ಮುರಿಯುತ್ತಲೇ ಇದ್ದವಳು. "ಅಂಗಿ ತೋಳಲ್ಲಿ ಹಿಡಿದ್ರೆ ನಾನು ಇನ್ನೊಂದು ಅಂಗಿ ಹೊಲಿಯಲ್ಲ. ಹೊಲಿಗೆ ಬಿಚ್ಚಿ ಎಲ್ಲಿ ಎಳೀತಿದೆ ಅಂತ ನೋಡ್ತೀನಿ. ಅವರು ನಿಂಗೆ ಏಳು ತಿಂಗಳು ಹನ್ನೊಂದು ಅಂಗಿ ಹೊಲಿಸಿದ್ರು, ಒಂದನ್ನೂ ಬಿಚ್ಚಲಿಲ್ಲ. ಮೇಜು ಖಾಲಿ ಮಾಡು, ಹರಡು."

ಭಾನುವಾರ ಬೆಳಗ್ಗೆ ಸೂಜಿ ಹನ್ನೊಂದು ಪತ್ರಿಕೆಗಳ ಭೌತಶಾಸ್ತ್ರದ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೈಗೆತ್ತಿಕೊಂಡಳು. ಒಟ್ಟು ತಪ್ಪುತ್ತರ ನೂರ ಮೂವತ್ತೆಂಟು. ಒಂದೊಂದನ್ನೂ ಮತ್ತೆ ಬಿಡಿಸುತ್ತಾ ಹೋದಳು. ನಿಜಕ್ಕೂ ಪಾಠವೇ ಗೊತ್ತಿಲ್ಲದ ಕಡೆ ಕೆಂಪು ಗೆರೆ. ಗೊತ್ತಿದ್ದೂ ಅವಸರದಲ್ಲಿ ಕೆಡಿಸಿಕೊಂಡ ಕಡೆ ಹಳದಿ. ಅರೆಬರೆ ಗೊತ್ತಿದ್ದು ಕಣ್ಣುಮುಚ್ಚಿ ಗುರುತು ಹಾಕಿದ ಕಡೆ ನೀಲಿ. ಸಂಜೆಗೆ ಮೇಜು ನೋಡಿದರೆ ಎಲ್ಲೆಲ್ಲೂ ನೀಲಿ. ಅರವತ್ತನಾಲ್ಕು ಕಡೆ ಅವಳು ಗಾಳಿಗೆ ಗುದ್ದಿದ್ದಳು. ನಲವತ್ತೊಂದು ಕಡೆ ಸೆಂಟಿಮೀಟರನ್ನು ಮೀಟರು ಮಾಡದೆ, ಕಳೆಯುವಲ್ಲಿ ಕೂಡಿ, ಪ್ರಶ್ನೆಯ 'ಅಲ್ಲ' ಎಂಬ ಪದ ಓದದೆ ಹಾಳು ಮಾಡಿದ್ದಳು. ಗೊತ್ತೇ ಇಲ್ಲದವು ಬರೀ ಮೂವತ್ತಮೂರು.

ಅವಳು ಆ ಸಂಖ್ಯೆಗಳನ್ನು ಎರಡು ಸಲ ಎಣಿಸಿದಳು. ತನಗೆ ಭೌತಶಾಸ್ತ್ರ ಬರುವುದಿಲ್ಲ ಎಂದು ಏಳು ತಿಂಗಳು ನಂಬಿದ್ದಳಲ್ಲ! ಊಹೆ ನಿಲ್ಲಿಸಿ ಅವಸರ ಬಿಟ್ಟರೆ, ಹೊಸದಾಗಿ ಒಂದಕ್ಷರ ಕಲಿಯದೆಯೂ ಪತ್ರಿಕೆಗೆ ಏನಿಲ್ಲವೆಂದರೂ ಇಪ್ಪತ್ತು ಅಂಕ ಏರುತ್ತಿತ್ತು.

"ಯಾಕೆ ಊಹೆ ಮಾಡ್ತೀಯ?" ಎಂದು ಅತ್ತೆ ಕೇಳಿದಳು.

"ಖಾಲಿ ಬಿಡೋಕೆ ನಾಚಿಕೆ."

"ಅಳತೆ ಗೊತ್ತಿಲ್ದೆ ಕತ್ತರಿ ಹಾಕೋಕೆ ನಾಚಿಕೆ ಆಗ್ಲಿಲ್ವಾ?"

ಅಂದಿನಿಂದ ಮಧ್ಯಾಹ್ನ ಎರಡರಿಂದ ಐದರವರೆಗೆ ಅರ್ಧ ಮೇಜು ಸೊಸೆಯದು, ಅರ್ಧ ಅತ್ತೆಯದು ಎಂದು ಆಯಿತು. ಹಳೆಯ ವರ್ಷಗಳ ಪ್ರಶ್ನೆಪತ್ರಿಕೆ ತಂದು ತಾನೇ ಬರೆದು ತಾನೇ ತಿದ್ದಿದಳು. ಮೂರು ವಾರದಲ್ಲಿ ಭೌತಶಾಸ್ತ್ರ ಐವತ್ತಕ್ಕೆ ಬಂತು. ಆಮೇಲೆ ಅಲ್ಲೇ ನಿಂತಿತು. ಐವತ್ತೆರಡು, ನಲವತ್ತೊಂಬತ್ತು, ಐವತ್ತಮೂರು, ಮತ್ತೆ ಐವತ್ತು. ಐದು ವಾರ ಕಳೆದರೂ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಈಗ ಉಳಿದಿದ್ದದ್ದು ಕೆಂಪು ಗೆರೆಗಳು, ನಿಜವಾಗಿ ಗೊತ್ತಿಲ್ಲದವು. ಅವನ್ನು ಬಿಚ್ಚಲು ಸೀಮೆಸುಣ್ಣ ಸಾಲದು. ಒಂದು ದಿನ ಪುಸ್ತಕವನ್ನು ಗೋಡೆಗೆ ಎಸೆದಳು. ಅದು ಗಿರಾಕಿಯ ಕೋಟಿಗೆ ಬಡಿದು ಕೆಳಗೆ ಬಿತ್ತು. "ಮಷೀನಿನ ಸದ್ದಲ್ಲಿ ಓದೋದು ಹೇಗೆ?" ಎಂದು ಅತ್ತೆಯ ಮೇಲೆ ರೇಗಿದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಅತ್ತೆ ಕೋಟಿನ ಧೂಳು ಕೊಡವಿದಳು. 

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಕೈಗೆ ಸದಾ ಗ್ರೀಸಿನ ವಾಸನೆ. ಕೆಲಸದಿಂದ ಬಂದವನು ಹೆಂಡತಿಯ ಮುಖ ನೋಡಿ, ಬಿದ್ದಿದ್ದ ಪುಸ್ತಕದ ತೆರೆದ ಪುಟ ನೋಡಿದ. ಪುಟದಲ್ಲಿ ಒಂದು ಲಿಫ್ಟಿನ ಚಿತ್ರ, ಒಳಗೆ ತೂಕದ ಯಂತ್ರದ ಮೇಲೆ ನಿಂತ ಮನುಷ್ಯ.

"ಇದೇನೇ ಇದು, ನನ್ನ ಕೆಲಸ ನಿನ್ನ ಪುಸ್ತಕದಲ್ಲಿದೆ?"

"ಲಿಫ್ಟ್ ಮೇಲೆ ಹೋಗುವಾಗ ತೂಕ ಎಷ್ಟು ತೋರಿಸುತ್ತೆ ಅಂತ ಲೆಕ್ಕ ರೀ. ನಾಲ್ಕು ಸಲ ಹಾಕಿದೀನಿ, ನಾಲ್ಕು ಸಲಾನೂ ತಪ್ಪು. ಮೇಲೆ ಹೋಗುವಾಗ ಜಾಸ್ತಿ ಆಗ್ಬೇಕು ತಾನೇ?"

"ಸೂತ್ರ ಗೀತ್ರ ನಂಗೊತ್ತಿಲ್ಲ. ನಾಳೆ ಕೆಲಸ ಮುಗಿಸಿ ಬಾ. ನಿಂತು ನೋಡು."

ಮರುದಿನ ಮಧ್ಯಾಹ್ನ ಅವನು ಸರ್ವಿಸ್ ಮಾಡುತ್ತಿದ್ದ ಹದಿನಾಲ್ಕು ಮಹಡಿಯ ಕಚೇರಿ ಕಟ್ಟಡಕ್ಕೆ ಅವಳು ಆಸ್ಪತ್ರೆಯ ಗುಜರಿಯಲ್ಲಿ ಬಿದ್ದಿದ್ದ ಮುಳ್ಳಿನ ತೂಕದ ಯಂತ್ರ ಹೊತ್ತು ಹೋದಳು. ಜನರಿಗೆ ಮುಚ್ಚಿದ್ದ ಲಿಫ್ಟಿನೊಳಗೆ ಅದರ ಮೇಲೆ ನಿಂತಳು. ಮುಳ್ಳು ಐವತ್ತನಾಲ್ಕರಲ್ಲಿ ನಿಂತಿತು. ಗಂಡ ಗುಂಡಿ ಒತ್ತಿದ. ಹೊರಟ ಗಳಿಗೆಯಲ್ಲಿ ಮುಳ್ಳು ಅರವತ್ತರ ಹತ್ತಿರಕ್ಕೆ ಹಾರಿತು. ಆಮೇಲೆ, ಲಿಫ್ಟು ಮೇಲಕ್ಕೆ ಹೋಗುತ್ತಲೇ ಇದ್ದರೂ, ಐವತ್ತನಾಲ್ಕಕ್ಕೆ ಇಳಿದು ಅಲ್ಲಾಡದೆ ನಿಂತಿತು. ಹದಿಮೂರನೆಯ ಮಹಡಿ ದಾಟಿ ವೇಗ ತಗ್ಗಿದಾಗ ನಲವತ್ತೆಂಟಕ್ಕೆ ಜಾರಿತು.

"ಇನ್ನೊಂದ್ಸಲ" ಎಂದಳು.

ಇಳಿಯುವಾಗ ಎಲ್ಲ ತಿರುಗುಮುರುಗು. ಹೊರಡುವಾಗ ಕಡಿಮೆ, ನಡುವೆ ಇದ್ದಷ್ಟೇ, ನಿಲ್ಲುವಾಗ ಹೆಚ್ಚು. ಆರು ಸಲ ಏರಿ ಇಳಿದರು. ತಳದಲ್ಲಿ ಕಾವಲುಗಾರ, "ಏನಣ್ಣಾ, ಅತ್ತಿಗೆ ಸಣ್ಣ ಆಗೋ ತನಕ ಬಿಡಲ್ವಾ?" ಎಂದು ನಕ್ಕ. ಸೂಜಿಗೆ ನಗು ಕೇಳಿಸಲಿಲ್ಲ. ಮೇಲೋ ಕೆಳಗೋ ಎಂಬುದಲ್ಲ, ವೇಗ ಬದಲಾಗುತ್ತಿದೆಯೋ ಇಲ್ಲವೋ ಎಂಬುದು ವಿಷಯ. ಏಳು ತಿಂಗಳು ಗಿಣಿಪಾಠ ಒಪ್ಪಿಸಿದ ಸೂತ್ರ ಅವಳ ಅಂಗಾಲಿಗೆ ಈಗ ತಾಗಿತ್ತು.

ಒಂದು ಲಿಫ್ಟಿನಿಂದ ಇಡೀ ಭೌತಶಾಸ್ತ್ರ ಬಂದುಬಿಡಲಿಲ್ಲ. ವಿದ್ಯುತ್ತಿಗೆ, ಕಾಂತಕ್ಕೆ, ಬೆಳಕಿಗೆ ಏರಿ ಇಳಿಯಲು ಯಾವ ಲಿಫ್ಟೂ ಇರಲಿಲ್ಲ. ಅದಕ್ಕೆಲ್ಲ ಕತ್ತೆಯ ಹಾಗೆ ದುಡಿಯಬೇಕಾಯಿತು. ಆದರೆ ಒಂದು ಅಭ್ಯಾಸ ಉಳಿಯಿತು. ಸೂತ್ರ ಮುಟ್ಟುವ ಮೊದಲು ಅವಳು ಕಣ್ಣುಮುಚ್ಚಿ, ಅಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂದು ನೋಡುತ್ತಿದ್ದಳು. ಕಾಣದಿದ್ದರೆ ಖಾಲಿ ಬಿಡುತ್ತಿದ್ದಳು, ನಾಚಿಕೆಯಿಲ್ಲದೆ. ಐವತ್ತಮೂರು ಅರವತ್ತಾಯಿತು, ಅರವತ್ತೆಂಟಾಯಿತು. ರಸಾಯನಶಾಸ್ತ್ರದ ಹಾಳೆಗಳನ್ನೂ ಮೇಜಿನ ಮೇಲೆ ಬಿಚ್ಚಿದಳು. ಕೈ ತೊಳೆದರೂ ಬಣ್ಣದ ಸೀಮೆಸುಣ್ಣ ಉಗುರಿನ ಸಂದಿಯಲ್ಲಿ ಉಳಿದಿರುತ್ತಿತ್ತು.

ಪರೀಕ್ಷೆಗೆ ಒಂದು ತಿಂಗಳಿರುವಾಗ, ಬೆಳಗ್ಗೆ ಏಳೂವರೆಗೆ, ರಕ್ತ ತೆಗೆಯುವ ಕುರ್ಚಿಯಲ್ಲಿ ನಿರ್ದೇಶಕ ಬಂದು ಕೂತ. ಖಾಲಿ ಹೊಟ್ಟೆಯ ಪರೀಕ್ಷೆ. ಹೊಸದಾಗಿ ಸೇರಿದ್ದ ಹುಡುಗಿ ಎರಡು ಕಡೆ ಚುಚ್ಚಿ, ನರ ಸಿಗದೆ, ಬೆವೆತು ನಿಂತಿದ್ದಳು. ಅವನ ಮುಖ ಬಿಳಿಚಿತ್ತು. ಸೂಜಿ ಬಂದಳು. ತೋಳು ಹಿಡಿದು ಬೆರಳಾಡಿಸಿದಳು. ಅವನಿಗೆ ಗುರುತು ಸಿಕ್ಕಿತು.

"ಓ, ಇಲ್ಲೇ ಇದೀರಾ? ಒಳ್ಳೇದಾಯ್ತು. ಯಾರ ಜಾಗದಲ್ಲಿ ಯಾರಿರಬೇಕೋ ಅವರಿದ್ರೇ ಚೆಂದ."

ಹೊಸ ಹುಡುಗಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಕೈಯಲ್ಲಿ ಸೂಜಿ, ಎದುರಿಗೆ ಆ ತೋಳು. ಆದರೆ ಸೂಜಿಯ ಕೈಗೆ ದ್ವೇಷ ಗೊತ್ತಿರಲಿಲ್ಲ. ಮಗುವಿನ ತೋಳಾಗಿದ್ದರೆ ಎಷ್ಟು ಮೆತ್ತಗೆ ಚುಚ್ಚುತ್ತಿದ್ದಳೋ ಅಷ್ಟೇ ಮೆತ್ತಗೆ ಚುಚ್ಚಿದಳು. ಮೂರು ಟ್ಯೂಬು ತುಂಬಿದವು. ಹತ್ತಿ ಒತ್ತಿದಳು.

"ನೋವಾಯ್ತಾ ಸಾರ್?"

"ಇಲ್ಲ. ಗೊತ್ತೇ ಆಗ್ಲಿಲ್ಲ."

"ನನ್ನ ಕೈ ಚೆನ್ನಾಗಿದೆ ಅಂತ ಆವತ್ತು ನೀವೇ ಹೇಳಿದ್ರಲ್ಲ. ತಲೆನೂ ಚೆನ್ನಾಗಿದೆ ಸಾರ್. ಈ ಸಲ ತೋರಿಸ್ತೀನಿ." ತಿರುಗಿ ಕೂಗಿದಳು, "ನೆಕ್ಸ್ಟ್!"

ಪರೀಕ್ಷೆಯ ದಿನ ಭೌತಶಾಸ್ತ್ರದ ಮೊದಲ ಪ್ರಶ್ನೆಯೇ ತಲೆಬುಡ ತಿಳಿಯಲಿಲ್ಲ. ಕೈ ಹಳೆಯ ಚಾಳಿಯಂತೆ ಯಾವುದಾದರೊಂದಕ್ಕೆ ಗುರುತು ಹಾಕಲು ಹೊರಟಿತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಪಕ್ಕದಲ್ಲಿದ್ದ ಹುಡುಗ ಅವಳನ್ನು ವಿಚಿತ್ರವಾಗಿ ನೋಡಿದ. ನೋಡಲಿ. ಆ ಪ್ರಶ್ನೆ ಬಿಟ್ಟಳು, ಮುಂದೆ ಇನ್ನೂ ಮೂರು ಬಿಟ್ಟಳು. ಮಾಡಿದ ಇಪ್ಪತ್ತೊಂದನ್ನು ಎರಡೆರಡು ಸಲ ಓದಿದಳು. ಒಂದು ಕಡೆ ಸೆಂಟಿಮೀಟರು ಮತ್ತೆ ಕಣ್ತಪ್ಪಿಸಿ ಕೂತಿತ್ತು, ಕಿವಿ ಹಿಡಿದು ಎಳೆದಳು.

ಫಲಿತಾಂಶ ಬಂದಾಗ ಮೂವರೂ ಕತ್ತರಿಸುವ ಮೇಜಿನ ಸುತ್ತ ನಿಂತಿದ್ದರು. ಜೀವಶಾಸ್ತ್ರ ತೊಂಬತ್ತೈದು, ರಸಾಯನಶಾಸ್ತ್ರ ಎಪ್ಪತ್ತೆಂಟು, ಭೌತಶಾಸ್ತ್ರ ಎಪ್ಪತ್ತೊಂಬತ್ತು. ಒಟ್ಟು ಇನ್ನೂರ ಐವತ್ತೆರಡು. ಸೀಟಿಗೆ ಬೇಕಾದದ್ದು ಇನ್ನೂರ ನಲವತ್ತೇಳು. ಗಂಡ ಅವಳ ತಲೆಯ ಮೇಲೆ ಗ್ರೀಸಿನ ಕೈಯಿಟ್ಟ. ಅತ್ತೆ ಕನ್ನಡಕ ಏರಿಸಿ ಫೋನಿನ ಪರದೆ ಓದಿ, "ಭೌತಶಾಸ್ತ್ರದಲ್ಲಿ ಇಪ್ಪತ್ತೊಂದು ಅಂಕ ಎಲ್ಲಿ ಹೋಯ್ತು?" ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಬಿತ್ತು ಎಂದು ಸುಳ್ಳು ಹೇಳಿದಳು.

ನಾಲ್ಕು ದಿನಕ್ಕೆ ಬಸ್ ನಿಲ್ದಾಣದ ಮೇಲೆ ತರಬೇತಿ ಕೇಂದ್ರದ ದೊಡ್ಡ ಬೋರ್ಡು ಎದ್ದಿತು. ಸಾಲಾಗಿ ಗೆದ್ದವರ ಮುಖಗಳು, ನಡುವೆ ಸೂಜಿಯ ಮುಖ. ಸೇರುವಾಗ ಕೊಟ್ಟಿದ್ದ ಫೋಟೋ. ಕೆಳಗೆ, 'ಭೌತಶಾಸ್ತ್ರ: 31ರಿಂದ 79! ಇದು ನಮ್ಮ ಶ್ರಮ!'

ಅವಳು ನೆಟ್ಟಗೆ ನಿರ್ದೇಶಕನ ಕೋಣೆಗೆ ಹೋದಳು. ಅವನು ಎದ್ದು ನಿಂತು ಕೈಮುಗಿದ.

"ಬನ್ನಿ ಬನ್ನಿ! ನೀವು ನಮ್ಮ ಕೇಂದ್ರದ ಹೆಮ್ಮೆ."

"ನನ್ನ ಫೋಟೋ ತೆಗೀರಿ ಸಾರ್."

"ಏಳು ತಿಂಗಳು ಇಲ್ಲಿ ಓದಿಲ್ವಾ? ಸುಳ್ಳಾ ಅದು? ಕೋಪ ಬಿಡಿ. ಭಾನುವಾರ ಹೊಸ ತಂಡದ ಸಭೆ ಇದೆ, ಇನ್ನೂರು ಮಕ್ಕಳು ಬರ್ತಾರೆ. ನಿಮಗೆ ಸನ್ಮಾನ. ಬಂದು ಎರಡು ಮಾತಾಡಿ, ಹೇಗೆ ಗೆದ್ರಿ ಅಂತ."

ಸೂಜಿ ಗಾಜಿನ ಕೆಳಗಿದ್ದ ಫೋಟೋಗಳತ್ತ ನೋಡಿದಳು. "ಹೇಗೆ ಗೆದ್ದೆ ಅಂತ ಹೇಳ್ಲಾ?"

"ಅದೇ ಬೇಕಾಗಿರೋದು!"

"ಬರ್ತೀನಿ."

ಭಾನುವಾರ ಸಭಾಂಗಣ ತುಂಬಿತ್ತು. ಹದಿನೇಳು ಹದಿನೆಂಟರ ಮಕ್ಕಳು, ಅವರ ಹಿಂದೆ ಆಸೆಗಣ್ಣಿನ ಅಪ್ಪ ಅಮ್ಮಂದಿರು. ನಿರ್ದೇಶಕ ಅವಳನ್ನು ಹೊಗಳಿ ಅಟ್ಟಕ್ಕೇರಿಸಿ ಮೈಕು ಕೊಟ್ಟ.

"ನಾನು ಇಲ್ಲಿ ಏಳು ತಿಂಗಳು ಕೂತೆ" ಎಂದು ಶುರುಮಾಡಿದಳು. "ಜೀವಶಾಸ್ತ್ರದ ಮೇಷ್ಟ್ರು ಚೆನ್ನಾಗಿ ಹೇಳ್ಕೊಟ್ರು, ಅವರಿಗೆ ನಮಸ್ಕಾರ. ಭೌತಶಾಸ್ತ್ರದಲ್ಲಿ ನಂಗೆ ಮೂವತ್ತೊಂದು ಬಂತು. ಆವತ್ತು ಇವರು ನನ್ನನ್ನ ಕರೆದು, ನಿನ್ನಿಂದ ಸರಾಸರಿ ಕೆಡ್ತಿದೆ, ಹೋಗು ಅಂದ್ರು. ಹೋದೆ. ಎಪ್ಪತ್ತೊಂಬತ್ತು ಬಂದಿದ್ದು ನಮ್ಮನೆ ಬಟ್ಟೆ ಕತ್ತರಿಸೋ ಮೇಜಿನ ಮೇಲೆ. ಬೋರ್ಡಲ್ಲಿ ಬರೆದಿರೋದು..."

ಮೈಕು ಸತ್ತಿತು. ನಿರ್ದೇಶಕ ಪಕ್ಕದಲ್ಲಿದ್ದವನಿಗೆ ಕಣ್ಸನ್ನೆ ಮಾಡಿದ್ದ. ಆದರೆ ಹನ್ನೆರಡು ವರ್ಷ ಗದ್ದಲದ ಆಸ್ಪತ್ರೆಯಲ್ಲಿ ಕೊನೆಯ ಬೆಂಚಿನ ಕಿವುಡ ಅಜ್ಜನಿಗೂ ಕೇಳುವ ಹಾಗೆ ಹೆಸರು ಕೂಗಿದವಳಿಗೆ ಮೈಕು ಯಾತಕ್ಕೆ? ಅವಳು ಅದನ್ನು ಮೇಜಿನ ಮೇಲಿಟ್ಟು ದನಿಯೆತ್ತಿದಳು.

"ಬೋರ್ಡಲ್ಲಿ ಬರೆದಿರೋದು ಸುಳ್ಳು! ನೀವು ಇಲ್ಲಿ ಓದಬೇಡಿ ಅಂತ ನಾನು ಹೇಳಲ್ಲ. ಓದಿ. ಆದ್ರೆ ಪರೀಕ್ಷೆ ಆದ್ಮೇಲೆ ಬರೀ ಅಂಕ ತಗೊಂಡು ಮನೆಗೆ ಹೋಗ್ಬೇಡಿ. ನಿಮ್ಮ ಉತ್ತರಪತ್ರಿಕೆ ಕೇಳಿ. ತಪ್ಪು ನಿಮ್ಮ ಸ್ವಂತದ್ದು, ಅದನ್ನ ಇವರ ಬೀರುವಿನಲ್ಲಿ ಬಿಡ್ಬೇಡಿ. ಕೊಡಲ್ಲ ಅಂದ್ರೆ ಕೂತ್ಕೊಳ್ಳಿ. ಮುಕ್ಕಾಲು ಗಂಟೆ ಸಾಕು!"

 ಮೂರನೆಯ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. ಕಳೆದ ವರ್ಷ ಬರೆದು ಸೋತು ಮತ್ತೆ ಸೇರಿದವಳಂತೆ. "ಸಾರ್, ನನ್ನ ಹೋದ ವರ್ಷದ ಪತ್ರಿಕೆಗಳು ಸಿಗ್ತಾವಾ?" ಉತ್ತರಕ್ಕೆ ಕಾಯುತ್ತಾ ಅವಳು ನಿಂತೇ ಇದ್ದಳು. ಅವಳ ಹಿಂದೆ ಒಬ್ಬ ತಂದೆ ಎದ್ದ. ಆಮೇಲೆ ಕುರ್ಚಿಗಳ ಸದ್ದೇ ಸದ್ದು. ನಿರ್ದೇಶಕ "ಶಾಂತಿ, ಶಾಂತಿ" ಅನ್ನುತ್ತಲೇ ಇದ್ದ, ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.

ಬೋರ್ಡಿನಲ್ಲಿದ್ದ ಸೂಜಿಯ ಮುಖದ ಮೇಲೆ ಮರುವಾರ ಬಿಳಿ ಕಾಗದ ಅಂಟಿಸಿದರು. ಅವಳ ಮನೆಗೆ ಕೇಂದ್ರದ ಮುದ್ರೆಯೊತ್ತಿದ ಪತ್ರ ಬಂತು. ಸಂಸ್ಥೆಯ ಗೌರವಕ್ಕೆ ಧಕ್ಕೆ ತಂದದ್ದಕ್ಕೆ ಲಿಖಿತ ಕ್ಷಮೆ ಕೇಳಬೇಕಂತೆ. ಅವಳು ಅದೇ ಪತ್ರದ ಬೆನ್ನ ಮೇಲೆ, 'ನಾನು ಹೇಳಿದ್ದರಲ್ಲಿ ಸುಳ್ಳು ಯಾವುದೆಂದು ತಿಳಿಸಿ, ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ' ಎಂದು ಬರೆದು ವಾಪಸು ಕಳಿಸಿದಳು. ಮತ್ತೆ ಆ ಕಡೆಯಿಂದ ಸೊಲ್ಲಿಲ್ಲ.

ಕಾಲೇಜು ಶುರುವಾದ ದಿನ ಅವಳು ತರಗತಿಯ ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ನೂರು ಮಕ್ಕಳು ದಡಬಡನೆ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದರು.

"ಕೂತ್ಕೊಳ್ರಪ್ಪಾ" ಎಂದಳು. "ನಾನೂ ನಿಮ್ಮ ಜೊತೆಯವಳೇ."

ನಗು ಎದ್ದಿತು, ಒಳ್ಳೆಯ ನಗುವೂ ಅಲ್ಲದ್ದೂ. ಅವಳು ಯಾವುದನ್ನೂ ಲೆಕ್ಕಕ್ಕಿಡದೆ ಮೊದಲ ಸಾಲಿಗೆ ನಡೆದು ಕೂತಳು. ಪಕ್ಕದ ಹುಡುಗಿ ಬ್ಯಾಗು ಸರಿಸಿ ಜಾಗ ಮಾಡಿಕೊಟ್ಟು ಪಿಸುಗುಟ್ಟಿದಳು:

"ನಿಮ್ಮನ್ನ ಆಂಟಿ ಅಂತ ಕರೀಲಾ, ಅಕ್ಕ ಅಂತ ಕರೀಲಾ?"

"ಸದ್ಯಕ್ಕೆ ಅಕ್ಕ ಅನ್ನು" ಎಂದು ಸೂಜಿ ಪೆನ್ನಿನ ಮುಚ್ಚಳ ತೆಗೆದಳು. "ಐದೂವರೆ ವರ್ಷ ಕಳೀಲಿ, ಡಾಕ್ಟ್ರೇ ಅಂತ ಕರಿ."